ಗುರಿ ತಪ್ಪುವ ಕಾಲು

ಶನಿವಾರದ ಅಭ್ಯಾಸದಲ್ಲಿ ಹತ್ತಕ್ಕೆ ಹತ್ತೂ ಚೆಂಡುಗಳನ್ನು ಗೋಲಿಗೆ ಒದ್ದ ಹುಡುಗ ಸೋಮವಾರದ ಪಂದ್ಯದಲ್ಲಿ ಮೂರಕ್ಕೆ ಮೂರನ್ನೂ ಹೊರಗೆ ಒದೆಯುತ್ತಾನೆ. 'ಫಾರ್ಮ್ ಹೋಯಿತು' ಎನ್ನುತ್ತಾರೆ ಗೆಳೆಯರು. 'ಓದೂ ಇಲ್ಲ, ಆಟವೂ ಇಲ್ಲ' ಎನ್ನುತ್ತಾರೆ ಮನೆಯವರು. ಮರುದಿನದಿಂದ ಹುಡುಗ ಬೆಳಿಗ್ಗೆ ಸಂಜೆ ಒದ್ದದ್ದೇ ಒದ್ದದ್ದು. ಹದಿನೈದು ದಿನದಲ್ಲಿ ಮಂಡಿ ಹಿಡಿದುಕೊಂಡು ಕುಂಟತೊಡಗುತ್ತಾನೆ. ಈ ಫಾರ್ಮ್ ಎಂಬುದು ಇರುವುದು ಎಲ್ಲಿ, ಕಾಲಿನಲ್ಲೋ ತಲೆಯಲ್ಲೋ? ಅದನ್ನು ಹುಡುಕುವ ಭರದಲ್ಲಿ ಬೆಳೆಯುವ ಮೂಳೆಗೆ ಏನಾಗುತ್ತದೆ? ಆಟವಾಡುವ ಮಕ್ಕಳಿರುವ ಮನೆಯವರು ತಿಳಿದಿರಬೇಕಾದ ವಿಷಯವಿದು.

ಇದಕ್ಕೆ ಒಳ್ಳೆಯ ಉದಾಹರಣೆ ರಗ್ಬಿ ಆಟದಲ್ಲಿ ಸಿಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಶಾಲಾ ಮೈದಾನಗಳಲ್ಲಿ ಕಾಣುವುದು ಕಬಡ್ಡಿ, ಖೋಖೋ, ವಾಲಿಬಾಲ್. ರಗ್ಬಿಯನ್ನು ನಮ್ಮಲ್ಲಿ ಹೆಚ್ಚಿನವರು ಟಿವಿಯಲ್ಲಷ್ಟೇ ನೋಡಿದ್ದಾರೆ. ಆ ಆಟದಲ್ಲಿ ಮೊಟ್ಟೆಯಾಕಾರದ ಚೆಂಡನ್ನು ನೆಲದ ಮೇಲೆ ನಿಲ್ಲಿಸಿ, ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಹಾಯುವಂತೆ ಒದೆಯಬೇಕು. ಕಂಬಗಳ ನಡುವಿನ ಅಂತರ 5.6 ಮೀಟರ್, ಅಡ್ಡಪಟ್ಟಿಯ ಎತ್ತರ 3 ಮೀಟರ್. ಆ ಹೊತ್ತಿನಲ್ಲಿ ಒದೆಯುವವನು ಒಬ್ಬನೇ. ಉಳಿದ ಇಪ್ಪತ್ತೊಂಬತ್ತು ಮಂದಿ ಆಟಗಾರರೂ ಮೈದಾನದ ಸುತ್ತ ನೆರೆದವರೂ ಅವನನ್ನೇ ನೋಡುತ್ತಿರುತ್ತಾರೆ.

ಕಂಬಗಳಿಗೆ ನೇರವಾಗಿ 40 ಮೀಟರ್ ದೂರದಲ್ಲಿ ನಿಂತು ಒದೆಯುವಾಗ ಚೆಂಡು ಎಡಕ್ಕೋ ಬಲಕ್ಕೋ ಸುಮಾರು 4 ಡಿಗ್ರಿ ವಾಲಿದರೆ ಸಾಕು, ಗುರಿ ತಪ್ಪಿತು. ಅದೇ ದೂರದಲ್ಲಿ ಓರೆಯಾಗಿ ನಿಂತರೆ ಕಂಬಗಳ ನಡುವಿನ ಜಾಗ ಕಣ್ಣಿಗೆ ಇನ್ನೂ ಕಿರಿದಾಗುತ್ತದೆ. ಅರ್ಧ ಲಂಬಕೋನದಲ್ಲಿ ನಿಂತವನಿಗೆ ಸಿಗುವುದು 4 ಮೀಟರಿನಷ್ಟೇ. ಪಾದ ಚೆಂಡಿಗೆ ತಾಗುವ ಜಾಗ ಒಂದು ಬೆರಳಿನಷ್ಟು ಸರಿದರೂ ಇಷ್ಟು ವ್ಯತ್ಯಾಸ ಆಗಿಬಿಡಬಹುದು.

ಇಲ್ಲಿ ಸಣ್ಣ ಲೆಕ್ಕವೊಂದಿದೆ. ಸರಾಸರಿ ಹತ್ತರಲ್ಲಿ ಎಂಟು ಬಾರಿ ಗುರಿ ಮುಟ್ಟಿಸುವ ಉತ್ತಮ ಆಟಗಾರ ಪಂದ್ಯಕ್ಕೆ ಐದು ಬಾರಿ ಒದೆಯುತ್ತಾನೆ ಎಂದುಕೊಳ್ಳಿ. ಅವನ ದೇಹದಲ್ಲಾಗಲಿ ಮನಸ್ಸಿನಲ್ಲಾಗಲಿ ಯಾವ ಕೊರತೆಯೂ ಇಲ್ಲದಿದ್ದಾಗಲೂ, ಸುಮಾರು ಹದಿನೇಳು ಪಂದ್ಯಗಳಿಗೊಮ್ಮೆ ಐದರಲ್ಲಿ ಮೂರು ಅಥವಾ ಹೆಚ್ಚು ಗುರಿ ತಪ್ಪುತ್ತವೆ. ಅದು ಕೇವಲ ಸಂಭವದ ಆಟ, ನಾಣ್ಯ ಚಿಮ್ಮಿದಂತೆ. ಒಂದು ಪಂದ್ಯ ನೋಡಿ ಮಗನ ಫಾರ್ಮ್ ಹೋಯಿತೆಂದು ತೀರ್ಮಾನಿಸುವ ಮೊದಲು ಈ ಲೆಕ್ಕವನ್ನು ನೆನಪಿಡಿ. ಮೂರು ನಾಲ್ಕು ವಾರಗಳ ಆಟ ನೋಡದೆ ಫಾರ್ಮ್ ಬಗ್ಗೆ ಏನನ್ನೂ ಹೇಳಲಾಗದು.

ಇಂಗ್ಲೆಂಡಿನ ಜಾನಿ ವಿಲ್ಕಿನ್‌ಸನ್ ರಗ್ಬಿಯಲ್ಲಿ ಗೋಲು ಒದೆಯುವುದಕ್ಕೇ ಹೆಸರಾದವರು. 2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ನಡೆದ ವಿಶ್ವಕಪ್ ಫೈನಲ್‌ನ ಹೆಚ್ಚುವರಿ ಅವಧಿಯ ಕೊನೆಗಳಿಗೆಯಲ್ಲಿ ಅವರು ಒದ್ದ ಚೆಂಡೇ ಆಸ್ಟ್ರೇಲಿಯಾವನ್ನು 20-17ರಿಂದ ಸೋಲಿಸಿತು. ಎಡಗಾಲಿನ ಆಟಗಾರ ಅಂದು ಒದ್ದದ್ದು ಬಲಗಾಲಿನಲ್ಲಿ! ತಮಗೆ ತೃಪ್ತಿಯಾಗುವವರೆಗೆ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದವರು ಅವರು. ಆ ಫೈನಲ್ ಆದ ಮೇಲೆ ಕುತ್ತಿಗೆ, ಭುಜ, ಮಂಡಿ, ತೊಡೆಸಂದಿ ಎಂದು ಒಂದರ ಹಿಂದೊಂದು ಗಾಯಗಳಾಗಿ, ಮತ್ತೆ ಇಂಗ್ಲೆಂಡ್ ಪರ ಆಡಿದ್ದು 2007ರ ಫೆಬ್ರುವರಿಯಲ್ಲಿ. ಮರಳಿದ ಮೊದಲ ಪಂದ್ಯದಲ್ಲೇ ಸ್ಕಾಟ್ಲೆಂಡ್ ವಿರುದ್ಧ 27 ಅಂಕ ಗಳಿಸಿದರು. ಅದೇ ಆಟಗಾರ 2011ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಒಂದೇ ಪಂದ್ಯದಲ್ಲಿ ಐದು ಬಾರಿ ಗುರಿ ತಪ್ಪಿದರು. ಎಲ್ಲವೂ ದೋಷರಹಿತವಾಗಿರಬೇಕೆಂಬ ಹಟ ತಮ್ಮಲ್ಲಿ ಎಷ್ಟು ಆತಂಕ ಹುಟ್ಟಿಸಿತೆಂಬುದನ್ನು ಮುಂದೆ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅಂಥವರ ಪಾಡೇ ಹೀಗಾದರೆ ಹದಿಮೂರರ ಹುಡುಗನ ಮೇಲೆ ನಾವು ಹೊರಿಸುವ ಭಾರ ಎಂಥದ್ದೆಂದು ಯೋಚಿಸಿ.

ಒತ್ತಡದಲ್ಲಿ ಕಾಲು ತಪ್ಪುವುದೇಕೆ? ಚೆನ್ನಾಗಿ ಕಲಿತ ಕೆಲಸವನ್ನು ಮಿದುಳು ತನ್ನಷ್ಟಕ್ಕೆ ನಡೆಸುತ್ತದೆ. ಸೈಕಲ್ ತುಳಿಯುವಾಗ ಯಾವ ಕಾಲು ಯಾವಾಗ ಎಂದು ನೀವು ಯೋಚಿಸುವುದಿಲ್ಲ. ಯೋಚಿಸಹೊರಟರೆ ಹ್ಯಾಂಡಲ್ ಅಲ್ಲಾಡುತ್ತದೆ. ಸೋಲಿನ ಭಯದಲ್ಲಿ ಆಟಗಾರ ತನ್ನ ಪಾದ, ಮಂಡಿ, ಸೊಂಟಗಳನ್ನು ಒಂದೊಂದಾಗಿ ಗಮನಿಸತೊಡಗಿದಾಗ ಆಗುವುದೂ ಅದೇ. ಜೊತೆಗೆ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕಣ್ಣು ಗುರಿಯ ಮೇಲೆ ನಿಲ್ಲದೆ ಅತ್ತಿತ್ತ ಓಡುತ್ತದೆ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ತೀರ್ಮಾನವಾದಾಗ ನಮ್ಮ ಕರ್ನಾಟಕದ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಕೊರಿಯಾದವರ ಹೊಡೆತಗಳನ್ನು ತಡೆದು ಭಾರತಕ್ಕೆ ಚಿನ್ನ ತಂದುದನ್ನು ಹಿರಿಯ ಓದುಗರು ಮರೆತಿರಲಾರರು. ಅಲ್ಲಿ ಚೆಂಡು ಇರುವುದು ಗೋಲಿನಿಂದ ಆರೂವರೆ ಮೀಟರಿಗಿಂತಲೂ ಕಡಿಮೆ ದೂರದಲ್ಲಿ. ಬಲ್ಲಾಳ್ ಅವರ ಚುರುಕುತನ ದೊಡ್ಡದು, ಸಂಶಯವಿಲ್ಲ. ಆದರೆ ಅಷ್ಟು ಹತ್ತಿರದಿಂದ ಹೊಡೆಯುವವನ ಮೇಲಿನ ಒತ್ತಡವೂ ಚಿಕ್ಕದಲ್ಲ.

ಇದಕ್ಕೆ ಮದ್ದು ಮಾತ್ರೆಯಲ್ಲ, ಕ್ರಮ. ಪ್ರತಿ ಬಾರಿಯೂ ಅಷ್ಟೇ ಹೆಜ್ಜೆ ಹಿಂದೆ ಸರಿಯುವುದು, ಒಮ್ಮೆ ನಿಧಾನವಾಗಿ ಉಸಿರು ಬಿಡುವುದು, ಗುರಿಯ ಒಂದೇ ಬಿಂದುವನ್ನು ನೋಡುವುದು, ಒದೆಯುವುದು. ಅಭ್ಯಾಸದಲ್ಲೂ ಪಂದ್ಯದಲ್ಲೂ ಇದು ಬದಲಾಗಬಾರದು. ಗೆರೆಯಾಚೆಯಿಂದ 'ಮಂಡಿ ಬಗ್ಗಿಸು, ಪಾದ ತಿರುಗಿಸು' ಎಂದು ಕೂಗುವ ಅಪ್ಪಂದಿರು ದಯವಿಟ್ಟು ಸುಮ್ಮನಿರಬೇಕು.

ಇನ್ನು ದೇಹದ ವಿಷಯ. ಒದೆಯುವುದು ಪಾದದ ಕೆಲಸವೆಂದು ತೋರಿದರೂ ಅದರ ಬಲ ಬರುವುದು ಸೊಂಟದಿಂದ. ನೆಲಕ್ಕೂರಿದ ಕಾಲು ಇಡೀ ದೇಹವನ್ನು ಹಿಡಿದು ನಿಲ್ಲಿಸುತ್ತದೆ. ಅದು ಜಾರಿದರೆ ಅಥವಾ ದಣಿದರೆ ಗುರಿ ಹೋಯಿತು. ಒದೆಯುವ ಕಾಲಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಮಂಡಿಯನ್ನು ರಭಸದಿಂದ ನೇರ ಮಾಡುತ್ತದೆ. ಈ ಸ್ನಾಯು ಮಂಡಿಚಿಪ್ಪನ್ನು ಬಳಸಿ ಕೆಳಗಿಳಿದು ಮೊಣಕಾಲ ಕೆಳಗಿನ ಮೂಳೆಯ ಉಬ್ಬಿಗೆ ಅಂಟಿಕೊಂಡಿರುತ್ತದೆ. ದೊಡ್ಡವರಲ್ಲಿ ಆ ಜಾಗ ಗಟ್ಟಿ ಮೂಳೆ. ಬೆಳೆಯುವ ಮಕ್ಕಳಲ್ಲಿ ಅದಿನ್ನೂ ಮೆದು. ದಿನಕ್ಕೆ ನೂರಾರು ಬಾರಿ ಜಗ್ಗಿದರೆ ಅಲ್ಲಿ ನೋವು, ಊತ, ಮುಟ್ಟಿದರೆ ಸಹಿಸಲಾಗದ ಗಂಟು ಕಾಣಿಸಿಕೊಳ್ಳುತ್ತವೆ. ಹೆಣ್ಣುಮಕ್ಕಳಲ್ಲಿ ಸುಮಾರು 10ರಿಂದ 13, ಗಂಡುಮಕ್ಕಳಲ್ಲಿ 12ರಿಂದ 15ರ ವಯಸ್ಸಿನಲ್ಲಿ ಇದು ಹೆಚ್ಚು. ಆಸ್‌ಗುಡ್-ಶ್ಲಾಟರ್ ಎಂದು ಇದಕ್ಕೆ ಹೆಸರು. ಹೆದರಬೇಕಿಲ್ಲ; ಬೆಳವಣಿಗೆ ಮುಗಿದಂತೆ ಬಹುತೇಕ ತಾನೇ ಗುಣವಾಗುತ್ತದೆ. ಆದರೆ ಅಲ್ಲಿಯವರೆಗೆ ಒದೆತ, ಜಿಗಿತಗಳನ್ನು ನೋವು ಇಳಿಯುವಷ್ಟು ಕಡಿಮೆ ಮಾಡಲೇಬೇಕು. ನೋವು ನುಂಗಿಕೊಂಡು ಆಡುವವನ ಹೆಜ್ಜೆ ತನಗರಿವಿಲ್ಲದೆ ಬದಲಾಗುತ್ತದೆ, ಗುರಿಯೂ ತಪ್ಪುತ್ತದೆ. ನಾವು ಫಾರ್ಮ್ ಹೋಯಿತು ಎನ್ನುವುದು ಎಷ್ಟೋ ಬಾರಿ ಹುಡುಗ ಹೇಳದೆ ಬಚ್ಚಿಟ್ಟ ನೋವು.

ನಮ್ಮ ಮೈದಾನಗಳ ಗಟ್ಟಿ ಕೆಮ್ಮಣ್ಣು, ಮೊರಂಬು ನೆಲದ ಮೇಲೆ ಬರಿಗಾಲಲ್ಲಿ ಓಡುವ ಮಕ್ಕಳಿಗೆ ಹಿಮ್ಮಡಿ ನೋವೂ ಇದೇ ಬಗೆಯದು.

ತೊಡೆಗೆ ಏಟು ಬಿದ್ದು ಊದಿಕೊಂಡಾಗ ನಮ್ಮ ಕಡೆ ಮೊದಲು ಮಾಡುವ ಕೆಲಸ ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ನೀವುವುದು. ಇದನ್ನು ಮಾತ್ರ ಮಾಡಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ ಸ್ನಾಯುವನ್ನು ತಿಕ್ಕಿದರೆ ರಕ್ತಸ್ರಾವ ಹೆಚ್ಚುತ್ತದೆ. ಕೆಲವೊಮ್ಮೆ ಆ ಸ್ನಾಯುವಿನೊಳಗೇ ಮೂಳೆ ಬೆಳೆದು ಮಂಡಿ ಮಡಿಸಲಾಗದೆ ತಿಂಗಳುಗಟ್ಟಲೆ ನರಳಬೇಕಾಗುತ್ತದೆ. ಮೊದಲ ಎರಡು ಮೂರು ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಹದವಾಗಿ ಬಟ್ಟೆ ಕಟ್ಟುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡುವುದು, ಇಷ್ಟು ಸಾಕು. ಮಂಜುಗಡ್ಡೆ ಸಿಗದಿದ್ದರೆ ತಣ್ಣೀರಿನ ಬಟ್ಟೆಯೇ ಆದೀತು. ಮೂಳೆ ಮುರಿದಿರಬಹುದೆಂಬ ಅನುಮಾನವಿದ್ದರೆ ನಾಟಿ ಕಟ್ಟು ಹಾಕಿಸಲು ಓಡುವ ಮುನ್ನ ಒಂದು ಎಕ್ಸ್‌ರೇ ತೆಗೆಸಿ. ಅಂಗಡಿಯಿಂದ ತಂದ ನೋವಿನ ಮಾತ್ರೆ ನುಂಗಿಸಿ ಮಗುವನ್ನು ಪಂದ್ಯಕ್ಕೆ ಇಳಿಸುವುದಂತೂ ಕೂಡದು.

ಇನ್ನೊಂದು ಎಚ್ಚರಿಕೆ. ಹತ್ತರಿಂದ ಹದಿನಾರರ ವಯಸ್ಸಿನ ಮಗು, ಅದರಲ್ಲೂ ತೂಕ ಹೆಚ್ಚಿರುವ ಮಗು, ಮಂಡಿ ನೋವೆಂದು ಕುಂಟುತ್ತಿದ್ದು ಮಂಡಿಯಲ್ಲಿ ಏನೂ ಕಾಣದಿದ್ದರೆ ತೊಡೆಯ ಮೇಲಿನ ಕೀಲನ್ನು ಪರೀಕ್ಷಿಸಲೇಬೇಕು. ಅಲ್ಲಿ ಬೆಳೆಯುವ ಮೂಳೆಯ ತುದಿ ಜಾರಿದಾಗ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಪಾದ ಹೊರಕ್ಕೆ ತಿರುಗಿರುತ್ತದೆ. ಇಂಥ ಮಗುವನ್ನು ನಡೆಸದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿ ನಿದ್ದೆಗೆಡಿಸುವ ನೋವು, ನೋವಿನೊಡನೆ ಜ್ವರ, ಒಂದೇ ಕಾಲಿನಲ್ಲಿ ಬೆಳೆಯುತ್ತಿರುವ ಊತ ಇವೂ ಕಾಯುವಂಥವಲ್ಲ.

ಪಾವಗಡ ಮತ್ತು ಅದರ ಸುತ್ತಿನ ಊರುಗಳವರು ನೀರನ್ನೂ ಮರೆಯಬಾರದು. ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಈ ಸೀಮೆಯ ಹಳೆಯ ಪೀಡೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ, ಕೀಲು ಬಿಗಿತ, ಬೆನ್ನು ನೋವು ಬರಬಹುದು. ಸುಣ್ಣದ ಅಂಶ ಸಾಲದ ಮಕ್ಕಳಲ್ಲಿ ಮಂಡಿಗಳು ಒಳಕ್ಕೆ ಬಾಗುವುದೂ ಉಂಟು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಶುದ್ಧೀಕರಣ ಘಟಕದ ನೀರು ಅಥವಾ ಸಂಗ್ರಹಿಸಿದ ಮಳೆನೀರನ್ನು ಕುಡಿಯಲೂ ಅಡಿಗೆಗೂ ಬಳಸಿ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ. ಮುದ್ದೆಯ ಜೊತೆಗೆ ಹಾಲು, ಮಜ್ಜಿಗೆಯೂ ಇರಲಿ. ಒಂದೇ ಊರಿನ ಹಲವು ಮಕ್ಕಳಿಗೆ ಮಂಡಿ ನೋವಿದ್ದು ಹಲ್ಲಿನ ಮೇಲೆ ಕಂದು ಕಲೆಗಳಿದ್ದರೆ, ಪಂಚಾಯಿತಿಯವರಿಗೆ ಹೇಳಿ ಕುಡಿಯುವ ನೀರನ್ನು ಪರೀಕ್ಷೆಗೆ ಕಳಿಸಿ.