ಗ್ರಾಫಿಕ್ಸ್ ಕಾರ್ಡ್‌ಗಿಂತ ಮೊದಲು ಅರ್ಥಿಂಗ್!

ಎರಡು ವರ್ಷ ಶನಿವಾರ, ಭಾನುವಾರ ಮದುವೆ ಹಾಲ್‌ಗಳಲ್ಲಿ ಊಟ ಬಡಿಸಿ ಕೂಡಿಟ್ಟ ಹಣ 36 ಸಾವಿರ ರೂಪಾಯಿ. ಕಾಲೇಜು ಮೂಡುಬಿದಿರೆಯಲ್ಲಿ, ಮನೆ ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ. ದಿನವೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಮಾಡುತ್ತಿದ್ದದ್ದು ಒಂದೇ ಕೆಲಸ: ಮೊಬೈಲ್‌ನಲ್ಲಿ ಗೇಮಿಂಗ್ ಪಿಸಿಯ ಬಿಡಿಭಾಗಗಳ ಪಟ್ಟಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು.

ಮೊದಲ ಪಟ್ಟಿಯಲ್ಲಿ ಬಣ್ಣದ ಲೈಟ್ ಇರುವ ಕ್ಯಾಬಿನೆಟ್ ಇತ್ತು, 8 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಇತ್ತು. ಉಳಿದ ಚಿಲ್ಲರೆ ಹಣದಲ್ಲಿ ಸಿಕ್ಕಿದ್ದೊಂದು ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ. ಅದನ್ನು ಯಾರು ನೋಡುತ್ತಾರೆ ಎಂಬ ಧೈರ್ಯ!

ಆ ಧೈರ್ಯ ಇಳಿದದ್ದು ಬಂಟ್ವಾಳದ ಗೆಳೆಯನ ಮನೆಯಲ್ಲಿ. ಅವನ ಪಿಸಿ ಗೇಮ್ ಶುರು ಮಾಡಿದ ಐದೇ ನಿಮಿಷಕ್ಕೆ ಆಫ್ ಆಗುತ್ತಿತ್ತು. ಒಂದು ದಿನ ಆಫ್ ಆದದ್ದು ಮತ್ತೆ ಆನ್ ಆಗಲೇ ಇಲ್ಲ. ಮದರ್‌ಬೋರ್ಡ್ ಕೂಡ ಜತೆಗೇ ಹೋಗಿತ್ತು. ನಾವು ಎಸ್‌ಎಂಪಿಎಸ್ ಬಿಚ್ಚಿ ಅದರ ಲೇಬಲ್ ಓದಿದೆವು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಕೆಳಗೆ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿಗೆ 16 ಆಂಪಿಯರ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಶಕ್ತಿ ಪಡೆಯುವುದು ಮುಖ್ಯವಾಗಿ ಈ ಸಾಲಿನಿಂದಲೇ. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್! ಅವನ ಆರ್‌ಎಕ್ಸ್ 6600 ಕಾರ್ಡ್‌ಗೆ 132 ವ್ಯಾಟ್, ಪ್ರೊಸೆಸರ್‌ಗೆ 65 ವ್ಯಾಟ್. ಫ್ಯಾನ್ ಲೆಕ್ಕಕ್ಕೆ ಬರುವ ಮೊದಲೇ 197. ಹೈಸ್ಕೂಲಿನ ಗುಣಾಕಾರವನ್ನು ಖರೀದಿಗೆ ಮೊದಲು ಮಾಡಿದ್ದರೆ ಸಾಕಿತ್ತು.

ಅಂದಿನಿಂದ ನನ್ನ ಪಟ್ಟಿ ತಲೆಕೆಳಗಾಯಿತು. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಕೊಂಡರೂ, ಆನ್‌ಲೈನ್‌ನಲ್ಲಿ ತರಿಸಿದರೂ ಪಿಸಿ ಓಡಬೇಕಾದದ್ದು ನಮ್ಮೂರಿನ ಕರೆಂಟ್‌ನಲ್ಲಿ ತಾನೆ? ಫೆಬ್ರವರಿ, ಮಾರ್ಚ್‌ನಲ್ಲಿ ತೋಟದ ಪಂಪುಗಳು ಒಟ್ಟಿಗೆ ಶುರುವಾದರೆ ಮನೆಯ ಬಲ್ಬ್ ಮಂಕಾಗುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆಗಳಲ್ಲಿ ಸಿಡಿಲು. ಮಳೆಗಾಲದ ಕರೆಂಟ್ ಬಗ್ಗೆ ಹೇಳುವುದೇ ಬೇಡ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಮಾಡಿದ ಯೂಟ್ಯೂಬ್ ವಿಡಿಯೊದಲ್ಲಿ ಇದ್ಯಾವುದೂ ಇರುವುದಿಲ್ಲ.

ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಬಿಟ್ಟೆ. ಮನಸ್ಸಿಲ್ಲದೆ ಬಿಟ್ಟೆ ಎಂಬುದು ನಿಜ. ಬದಲಿಗೆ ರೈಜನ್ 5 5600ಜಿ ಆರಿಸಿದೆ. 2021ರಲ್ಲಿ ಬಂದ ಈ ಪ್ರೊಸೆಸರ್‌ನಲ್ಲಿ 6 ಕೋರ್‌ಗಳಿವೆ, ಗ್ರಾಫಿಕ್ಸ್ ಒಳಗೇ ಇದೆ. ಅದಕ್ಕೆ ಪ್ರತ್ಯೇಕ ಮೆಮೊರಿ ಇಲ್ಲದ ಕಾರಣ ರ‍್ಯಾಮ್ ಅನ್ನೇ ಬಳಸುತ್ತದೆ. ಇಲ್ಲೊಂದು ಗುಟ್ಟಿದೆ: 16 ಜಿಬಿಯ ಒಂದು ರ‍್ಯಾಮ್ ಹಾಕುವ ಬದಲು 8 ಜಿಬಿಯ ಎರಡು ಹಾಕಬೇಕು. ಡಿಡಿಆರ್4 3200 ರ‍್ಯಾಮ್ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 25.6 ಜಿಬಿ ದತ್ತಾಂಶ ಸಾಗಿಸಿದರೆ, ಎರಡರಲ್ಲಿ 51.2 ಜಿಬಿ. ಒಂದೇ ಗಾತ್ರದ ಮೆಮೊರಿ, ಆದರೆ ದಾರಿ ಎರಡು ಪಟ್ಟು ಅಗಲ. ವ್ಯಾಲೊರಂಟ್‌ನಂಥ ಹಗುರ ಗೇಮ್‌ಗಳಿಗೆ ಇಷ್ಟು ಧಾರಾಳ ಸಾಕು. ದೊಡ್ಡ ಗೇಮ್‌ಗಳನ್ನು ಕಡಿಮೆ ಸೆಟ್ಟಿಂಗ್‌ನಲ್ಲಿ ಆಡುವ ತಾಳ್ಮೆ ಬೇಕು, ಅಷ್ಟೇ.

ಎಸ್‌ಎಂಪಿಎಸ್ ಮಾತ್ರ ಮುಂದೆ ಬರಲಿರುವ ಕಾರ್ಡ್‌ಗೂ ಸಾಕಾಗುವಂತೆ 550 ವ್ಯಾಟ್‌ನದ್ದೇ ಕೊಂಡೆ. ನೋಡಿದ್ದು ಮೂರು ಸಂಗತಿ. 12 ವೋಲ್ಟ್ ಸಾಲಿನ ಆಂಪಿಯರ್ ಎಷ್ಟು? 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆಯೇ, ಅಥವಾ 200ರ ಮೇಲೆ ಮಾತ್ರವೇ? ವಾರಂಟಿ ಎಷ್ಟು ವರ್ಷ? ಪೆಟ್ಟಿಗೆಯ ಮೇಲಿನ 80 ಪ್ಲಸ್ ಗುರುತು ಕರೆಂಟ್ ಎಷ್ಟು ಪೋಲಾಗುವುದಿಲ್ಲ ಎಂಬುದನ್ನು ಹೇಳುತ್ತದೆ. ಬಾಳಿಕೆಯ ಖಾತರಿ ಅದಲ್ಲ. ಯುಪಿಎಸ್ ಕೊಳ್ಳುವಾಗಲೂ ಇಂಥದ್ದೇ ಲೆಕ್ಕವಿದೆ. 600 ವಿಎ ಎಂದರೆ 600 ವ್ಯಾಟ್ ಅಲ್ಲ; ಇಂಥವು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್.

ಜೋಡಣೆ ಮುಗಿಸಿ ಆನ್ ಮಾಡಿದೆ. ಎಲ್ಲವೂ ಸರಿ. ಆದರೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಎಂದಿತು. ಹೊಸ ಎಸ್‌ಎಂಪಿಎಸ್ಸೇ ಕೆಟ್ಟಿದೆ ಎಂದುಕೊಂಡು ನನ್ನ ಎದೆ ಒಡೆಯಿತು. ಪರಿಚಯದ ಎಲೆಕ್ಟ್ರಿಷಿಯನ್ ಬಂದು ಫೇಸ್ ಮತ್ತು ಅರ್ಥ್ ನಡುವೆ ಬಲ್ಬ್ ಹಿಡಿದರು. ಉರಿಯಲೇ ಇಲ್ಲ. ನಮ್ಮ ಹಳೆ ಮನೆಯ ಪ್ಲಗ್‌ನಲ್ಲಿ ಮೂರನೇ ತೂತು ಇತ್ತು, ಅದರ ಹಿಂದೆ ನೆಲ ಸೇರುವ ವಯರೇ ಇರಲಿಲ್ಲ! ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಒಂದಿಷ್ಟು ವಿದ್ಯುತ್ ಕ್ಯಾಬಿನೆಟ್‌ಗೆ ಬರುವುದು ಸಹಜ. ಅರ್ಥಿಂಗ್ ಇದ್ದರೆ ಅದು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ನಮ್ಮ ಬೆರಳಿನ ಮೂಲಕ ಇಳಿಯುತ್ತದೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬಾಕ್ಸ್ ಕೂಡ ಅರ್ಥಿಂಗ್ ಇಲ್ಲದೆ ಪೂರ್ತಿ ಕೆಲಸ ಮಾಡದು.

ಅಪ್ಪ ಏನೂ ಹೇಳದೆ ಹಾರೆ ತಂದರು. ಬಾವಿಕಟ್ಟೆಯ ಬದಿಯ ತಂಪು ನೆಲದಲ್ಲಿ ಗುಂಡಿ ತೋಡಿದೆವು. ಎಲೆಕ್ಟ್ರಿಷಿಯನ್ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ವಯರ್ ಎಳೆದರು. ಬಲ್ಬ್ ಈ ಸಲ ಚೆನ್ನಾಗಿ ಉರಿಯಿತು. ಅಮ್ಮ ವಾಷಿಂಗ್ ಮಷಿನ್ ಮುಟ್ಟಿ ನೋಡಿ, "ಇದೂ ಈಗ ಶಾಕ್ ಹೊಡೆಯುವುದಿಲ್ಲ ಮಾರಾಯ" ಎಂದರು. ಇಷ್ಟು ವರ್ಷ ಅವರು ಸುಮ್ಮನೆ ಚಪ್ಪಲಿ ಹಾಕಿಕೊಂಡು ಬಟ್ಟೆ ತೆಗೆಯುತ್ತಿದ್ದರಂತೆ! ನನ್ನ ಪಿಸಿಯ ಪಟ್ಟಿಯಲ್ಲಿ ಇಲ್ಲದ ಈ ಖರ್ಚೇ ಮನೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿತ್ತು.

ಈಗ ಗ್ರಾಫಿಕ್ಸ್ ಕಾರ್ಡ್‌ಗೆ ಮತ್ತೆ ಬಡಿಸಲು ಹೋಗುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಆದರೂ ಸರಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ವ್ಯವಸ್ಥೆ ಬದಲಿಸಿ ಕಾರ್ಡ್‌ಗಳಿಂದ ನಡೆಯುತ್ತಿದ್ದ ಮೈನಿಂಗ್ ನಿಲ್ಲಿಸಿದ ಮೇಲೆ ಬಹಳಷ್ಟು ಹಳೆ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಹಗಲು ರಾತ್ರಿ ದುಡಿದ ಕಾರ್ಡ್‌ನ ಫ್ಯಾನ್ ಸವೆದಿರಬಹುದು. ಹಾಗಾಗಿ ಬಿಲ್ ಕೇಳಿ, ವಾರಂಟಿ ಸೀರಿಯಲ್ ನಂಬರ್ ತಾಳೆ ನೋಡಿ, ಅರ್ಧ ಗಂಟೆ ಎದುರಲ್ಲೇ ಗೇಮ್ ಓಡಿಸಿ ಬಿಸಿ ಎಷ್ಟಾಗುತ್ತದೆ ಎಂದು ಪರೀಕ್ಷಿಸಿಯೇ ಹಣ ಕೊಡಬೇಕು. "ನೋಡುವುದೇನಿದೆ, ಚೆನ್ನಾಗಿದೆ" ಎನ್ನುವವರಿಂದ ಕೊಳ್ಳಬೇಡಿ.

ಅಲ್ಲಿಯವರೆಗೆ ಇದೇ ಪಿಸಿಯಲ್ಲಿ ಕಾಲೇಜಿನ ಪ್ರಾಜೆಕ್ಟ್, ಕೋಡಿಂಗ್ ಅಭ್ಯಾಸ, ರಾತ್ರಿ ಒಂದಿಷ್ಟು ಗೇಮ್ ಸಾಗುತ್ತಿದೆ. ಬಂಟ್ವಾಳದ ಗೆಳೆಯ ಹೊಸ ಮದರ್‌ಬೋರ್ಡ್‌ಗೆ ಹಣ ಕೂಡಿಸುತ್ತಿದ್ದಾನೆ. ಈ ಸಲ ಎಸ್‌ಎಂಪಿಎಸ್ ಲೇಬಲ್‌ನ ಫೋಟೊ ಮೊದಲು ನನಗೆ ಕಳಿಸಿ ಆಮೇಲೆ ಕೊಳ್ಳುತ್ತಾನಂತೆ. ಇಷ್ಟೆಲ್ಲ ಇದ್ದರೂ ಕುದುರೆಮುಖದ ಕಡೆಯಿಂದ ಗುಡುಗು ಕೇಳಿದರೆ ಸಾಕು, ಪ್ಲಗ್ ತೆಗೆಯುತ್ತೇನೆ, ರೂಟರ್‌ನ ಲ್ಯಾನ್ ಕೇಬಲನ್ನೂ ತೆಗೆಯುತ್ತೇನೆ. ಸಿಡಿಲಿನ ಎದುರು ಯಾವ ಬ್ರ್ಯಾಂಡೂ ನಡೆಯುವುದಿಲ್ಲ. ಮ್ಯಾಚ್ ಅರ್ಧಕ್ಕೆ ನಿಂತರೆ ತಂಡದವರು ಬೈಯುತ್ತಾರೆ, ಬೈಯಲಿ.