ಕ್ಷಯದ ಕ್ರಿಮಿ ಗಂಟೆಯ ಸದ್ದಡಗಿಸುವುದು ಹೇಗೆ?

ಕ್ಷಯದ ಕ್ರಿಮಿಯನ್ನು ನಮ್ಮ ರಕ್ಷಕ ಕೋಶ ನುಂಗುತ್ತದೆ.
ಆದರೂ ಅದರೊಳಗೇ ಕ್ರಿಮಿ ಬದುಕಿರುತ್ತದಲ್ಲ, ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ
ಪ್ರೊಫೆಸರ್ ಕೆ. ಎನ್. ಬಾಲಾಜಿ
ವರ್ಷಗಟ್ಟಲೆ ಬೆನ್ನುಹತ್ತಿದ ಪ್ರಶ್ನೆ ಇದು.

ಆ ಕೋಶದ ಮೈಮೇಲೆ ಟಿಎಲ್‌ಆರ್-2 ಎಂಬ ಪ್ರೋಟೀನಿದೆ.
ಕ್ರಿಮಿ ಸೋಕಿದರೆ ಒಳಗೆ ಸುದ್ದಿ ಮುಟ್ಟಿಸುತ್ತದೆ,
ದೇವಸ್ಥಾನದ ಗಂಟೆ ಹೊಡೆದ ಹಾಗೆ.
ಗಂಟೆಯ ನಾಲಿಗೆಗೆ ಯಾರಾದರೂ ಬಟ್ಟೆ ಸುತ್ತಿದರೆ?
ಗಂಟೆ ಅಲುಗುತ್ತದೆ.
ಸದ್ದು ಕೇಳಿಸುವುದಿಲ್ಲ.

2008.
ಮಕ್ಕಳಿಗೆ ಚುಚ್ಚುತ್ತಾರಲ್ಲ, ಕ್ಷಯ ತಡೆಯುವ ಬಿಸಿಜಿ,
ಆ ಲಸಿಕೆಯ ಬ್ಯಾಕ್ಟೀರಿಯಾವನ್ನೇ
ಕೋಶಗಳಿಗೆ ಸೋಕಿಸಿ ಬಾಲಾಜಿ ಅವರ ತಂಡ ನೋಡಿತು.
ಟಿಎಲ್‌ಆರ್-2 ಎಚ್ಚೆತ್ತಿತು.
ಅದು ನಾಚ್-1 ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸಿತು.
ಆಗ ಕೋಶ ಸಾಕ್ಸ್-3 ತಯಾರಿಸಿತು.
ರಕ್ಷಣೆಯ ಸಂದೇಶಗಳನ್ನು ತಗ್ಗಿಸುವ ಪ್ರೋಟೀನು.
ಅದೇ ಆ ಬಟ್ಟೆ!
ಸುತ್ತಿದ್ದು ಯಾರು? ನಮ್ಮದೇ ಕೋಶ.
ನನಗೆ ಮೈ ಜುಮ್ಮೆನ್ನುವುದು ಇಲ್ಲೇ.

ಹಾಗಂತ ಸಾಕ್ಸ್-3 ಕೆಟ್ಟದ್ದಲ್ಲ.
ಉರಿಯೂತ ಮಿತಿಮೀರಿದರೆ
ಹಾಳಾಗುವುದು ನಮ್ಮ ಮೈಯೇ.
ಅದನ್ನು ತಡೆಯಲು ಇಂಥ ಪ್ರೋಟೀನು ಬೇಕೇ ಬೇಕು.
ಕ್ಷಯಕ್ಕೆ ಹೊಸ ಮದ್ದು ಹುಡುಕುವವರಿಗೆ
ಕಷ್ಟ ಇರುವುದೂ ಅಲ್ಲೇ.

2011ರಲ್ಲಿ ಬಾಲಾಜಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.
ಟಿಎಲ್‌ಆರ್-2 ಸೇರಿದ ಟೋಲ್ ಕುಟುಂಬ ಸೋಂಕನ್ನು ಗುರುತಿಸುತ್ತದೆ ಎಂಬ ಶೋಧಕ್ಕೆ
ಹಾಫ್‌ಮನ್, ಬ್ಯೂಟ್ಲರ್ ಎಂಬ ವಿಜ್ಞಾನಿಗಳು ನೊಬೆಲ್ ಪಡೆದದ್ದೂ ಅದೇ ವರ್ಷ.