ಗರ್ಭಕಂಠದ ಕ್ಯಾನ್ಸರ್: ಆಸ್ಟ್ರೇಲಿಯಾ ಗೆಲ್ಲುತ್ತಿದೆ, ನಾವು?

ಆಸ್ಟ್ರೇಲಿಯಾದಲ್ಲಿ ಮೆಡಿಕೇರ್ ಇರುವ ಹೆಣ್ಣುಮಕ್ಕಳಿಗೆ 25 ತುಂಬುವ ಹೊತ್ತಿಗೆ ಸರ್ಕಾರದಿಂದ ಒಂದು ಪತ್ರ ಬರುತ್ತದೆ. ತೆರಿಗೆ ಇಲಾಖೆಯದ್ದಲ್ಲ, ಗಾಬರಿ ಬೇಡ! ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಿ ಎಂಬ ಕರೆ ಅದು. 74 ವರ್ಷದವರೆಗೂ ಐದು ವರ್ಷಕ್ಕೊಮ್ಮೆ ಇದು ನಡೆಯಬೇಕು. ಆದರೆ ಇಲ್ಲಿ ಮೆಲ್ಬರ್ನ್‌ನ ನಮ್ಮ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಆ ಪತ್ರ ಬಿಲ್ಲುಗಳ ರಾಶಿಯಲ್ಲಿ ಸೇರಿಹೋಗುತ್ತದೆ. ‘ನನಗೇನೂ ತೊಂದರೆ ಇಲ್ಲವಲ್ಲ’ ಎನ್ನುವುದು ಒಂದು ಕಾರಣ, ಸಂಕೋಚ ಇನ್ನೊಂದು.

ಈ ಕ್ಯಾನ್ಸರ್ ಉಳಿದವುಗಳಂತಲ್ಲ. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಿಗೂ ಎಚ್‌ಪಿವಿ ಎಂಬ ವೈರಸ್ಸೇ ಮೂಲ. ಅದನ್ನು ಪತ್ತೆ ಮಾಡಿದ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ತಗಲುವುದು ನೆಗಡಿಯಷ್ಟೇ ಸಾಮಾನ್ಯ. ನಡತೆಯ ಪ್ರಶ್ನೆ ಅಲ್ಲ. ಮದುವೆಯಾದ ಯಾರಿಗೂ ತಗಲಬಹುದು. ಬಹುಪಾಲು ಮಂದಿಯಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೆ ಮಾತ್ರ ಹತ್ತು-ಹದಿನೈದು ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದು. ಅಂದರೆ ಹಿಡಿಯಲು ನಮಗೆ ಸಾಕಷ್ಟು ಸಮಯವಿದೆ.

ಲಸಿಕೆಯ ಹಿಂದೆ ಬ್ರಿಸ್ಬೇನ್‌ನ ದೊಡ್ಡ ಪಾಲಿದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ವೈರಸ್ಸಿನ ಹೊರಚಿಪ್ಪನ್ನಷ್ಟೇ ತಯಾರಿಸಿದರು. ಒಳಗೆ ತಿರುಳಿಲ್ಲ, ಹಾಗಾಗಿ ರೋಗ ಬರುವುದಿಲ್ಲ. ದೇಹ ಮಾತ್ರ ಶತ್ರುವಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ. 2007ರಲ್ಲಿ ಇಲ್ಲಿನ ಶಾಲೆಗಳಲ್ಲಿ ಹುಡುಗಿಯರಿಗೆ, 2013ರಿಂದ ಹುಡುಗರಿಗೂ ಉಚಿತವಾಗಿ ಲಸಿಕೆ ಶುರುವಾಯಿತು. ಇಂಗ್ಲೆಂಡಿನ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 12-13ನೇ ವಯಸ್ಸಿನಲ್ಲಿ ಲಸಿಕೆಯ ಅವಕಾಶ ಪಡೆದವರಲ್ಲಿ ಈ ಕ್ಯಾನ್ಸರ್ 87% ಕಡಿಮೆ. ಆಸ್ಟ್ರೇಲಿಯಾದಲ್ಲಿ 2021ರಲ್ಲಿ 25 ವರ್ಷದೊಳಗಿನ ಒಬ್ಬರಲ್ಲೂ ಇದು ಪತ್ತೆಯಾಗಲಿಲ್ಲ. 2035ರೊಳಗೆ ರೋಗವನ್ನು ಲಕ್ಷಕ್ಕೆ ನಾಲ್ಕಕ್ಕಿಂತ ಕೆಳಗಿಳಿಸುವುದು ದೇಶದ ಗುರಿ.

ಆದರೆ ಈ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ? ಲೆಕ್ಕಪತ್ರ ನೋಡುವ ಕಸುಬಿನವಳಾದ ನನಗೆ ಕಾಣುವುದು ಇಷ್ಟು: ಇಲ್ಲಿ ಓದಿದ ನಮ್ಮ ಮಕ್ಕಳು ಜಮಾ ಕಡೆ ಇದ್ದಾರೆ, ಮದುವೆಯಾಗಿಯೋ ಕೆಲಸಕ್ಕೋ ಬಂದ ನಾವು ಬಾಕಿ ಕಡೆ. ನಮ್ಮ ಶಾಲಾದಿನಗಳಲ್ಲಿ ಈ ಲಸಿಕೆಯೇ ಇರಲಿಲ್ಲ. ಹಾಗಾಗಿ ನಮಗಿರುವ ರಕ್ಷಣೆ ತಪಾಸಣೆಯೊಂದೇ.

ಅದೂ ಈಗ ಸುಲಭ. ಎರಡು ವರ್ಷಕ್ಕೊಮ್ಮೆ ಮಾಡುತ್ತಿದ್ದ ಪ್ಯಾಪ್ ಸ್ಮಿಯರ್ ಬದಲು 2017ರ ಕೊನೆಯಿಂದ ನೇರವಾಗಿ ವೈರಸ್ಸನ್ನೇ ಹುಡುಕುವ ಪರೀಕ್ಷೆ ಬಂದಿದೆ. 2022ರ ಜುಲೈಯಿಂದ ಯಾರು ಬೇಕಾದರೂ ತಾವೇ ಮಾದರಿ ತೆಗೆದುಕೊಳ್ಳಬಹುದು. ಕ್ಲಿನಿಕ್‌ನಲ್ಲಿ ಹತ್ತಿಯ ಕಡ್ಡಿಯಂಥದ್ದನ್ನು ಕೊಡುತ್ತಾರೆ, ಪರದೆಯ ಹಿಂದೆ ಹೋಗಿ ಒಂದೆರಡು ನಿಮಿಷದಲ್ಲಿ ಮುಗಿಸಿ ಬರುವುದು. ವೈರಸ್ ಪತ್ತೆಮಾಡುವುದರಲ್ಲಿ ವೈದ್ಯರು ತೆಗೆದ ಮಾದರಿಗೂ ಇದಕ್ಕೂ ವ್ಯತ್ಯಾಸವಿಲ್ಲ. ವೈರಸ್ ಕಂಡರೆ ಕ್ಯಾನ್ಸರ್ ಎಂದರ್ಥವಲ್ಲ. ಮುಂದಿನ ಪರೀಕ್ಷೆ ಬೇಕು ಎಂದಷ್ಟೇ. ಲಸಿಕೆ ಪಡೆದವರಿಗೂ ತಪಾಸಣೆ ಬೇಕು. ಮುಟ್ಟು ನಿಂತ ಮೇಲೆ ಅಥವಾ ಅಕಾಲದಲ್ಲಿ ರಕ್ತಸ್ರಾವ ಕಂಡರೆ ಪತ್ರಕ್ಕೆ ಕಾಯದೆ ವೈದ್ಯರ ಬಳಿ ಹೋಗಿ.

ಊರಿನ ಲೆಕ್ಕ ಇನ್ನೂ ಭಾರ. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಪತ್ತೆ. ಸಾವು ಸುಮಾರು 80 ಸಾವಿರ. ದಾರಿ ತೋರಿಸಿದ್ದರಲ್ಲಿ ಭಾರತವೂ ಇದೆ ಎನ್ನುವುದೇ ವಿಚಿತ್ರ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ನಡೆಸಿದ ದೊಡ್ಡ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತೆಯರು ವಿನಿಗರ್ ಹಚ್ಚಿ ಕಣ್ಣಲ್ಲೇ ನೋಡುವ ಅಗ್ಗದ ತಪಾಸಣೆ ಮಾಡಿದರು. ಸಾವು 31% ಇಳಿಯಿತು. ಒಂದೇ ಡೋಸ್ ಲಸಿಕೆಯೂ ಸಾಕು ಎಂಬುದಕ್ಕೆ ಮುಖ್ಯ ಪುರಾವೆ ಕೊಟ್ಟವರಲ್ಲಿ ಭಾರತದ ಹುಡುಗಿಯರಿದ್ದಾರೆ. ಆಸ್ಟ್ರೇಲಿಯಾ 2023ರಿಂದ ಒಂದೇ ಡೋಸ್ ಕೊಡುತ್ತಿದೆ. ಪುಣೆಯ ಸೀರಂ ಸಂಸ್ಥೆಯ ‘ಸರ್ವಾವ್ಯಾಕ್’ ಕೂಡ ಬಂದಿದೆ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ-ತಿಂಡಿ, ಮಳೆ-ಬೆಳೆ ವಿಚಾರಿಸುತ್ತೇವೆ. ಜೊತೆಗೆ ಇನ್ನೆರಡು ಮಾತು ಸೇರಿಸಿ: ‘ಪುಟ್ಟಿಗೆ ಒಂಬತ್ತು ತುಂಬಿತಲ್ಲ, ಲಸಿಕೆ ಹಾಕಿಸಿದಿರಾ? ಅತ್ತಿಗೆ, ನಿಮ್ಮ ತಪಾಸಣೆ ಆಯಿತಾ?’